ಎರಡು ಚುಕ್ಕಿಯ ಆಚೆಗೆ

ದಿಗ್ಗೇವಾಡಿ ಕಡೆಯ ರೈತರೊಬ್ಬರು ಒಂದು ದಿನ ಚಿಕ್ಕೋಡಿಯ ನಮ್ಮ ಆಫೀಸಿಗೆ ಬಂದು, ಕಂಪ್ಯೂಟರಿನ ಚೀಟಿಯನ್ನು ನನ್ನ ಮುಂದೆ ಹಿಡಿದು, "ಅಕ್ಕಾರ, ನಮ್ಮ ಮನ್ಯಾಗ ಆಕಳಾ ಇಲ್ರಿ," ಎಂದರು. ಮಾತಿನಲ್ಲಿ ಸಿಟ್ಟು ಇರಲಿಲ್ಲ. ತಮಗೇ ಗೊತ್ತಿಲ್ಲದೆ ಹಿತ್ತಲಲ್ಲಿ ಆಕಳೊಂದು ಬಂದು ನಿಂತಿದೆಯೇನೋ ಎಂಬ ಸಣ್ಣ ಅನುಮಾನ ಇತ್ತು. ಅವರ ಮನೆಯಲ್ಲಿ ಇದ್ದದ್ದೆಲ್ಲ ಎಮ್ಮೆಗಳು. ಚೀಟಿಯಲ್ಲಿ ಮಾತ್ರ ಆಕಳ ಹಾಲು ಎಂದಿತ್ತು.

ಆ ಆಕಳನ್ನು ಹುಟ್ಟಿಸಿದವಳು ನಾನೇ.

ಇದು ತೊಂಬತ್ತರ ದಶಕದ ನಡುವಿನ ಮಾತು. ಹಾಲಿನ ಸಹಕಾರಿ ಸಂಘವೊಂದರಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಸುತ್ತಲಿನ ಹಳ್ಳಿಗಳಿಂದ ಬಂದ ಹಾಲಿನ ವಿವರವನ್ನು, ಯಾರದು, ಎಮ್ಮೆಯದೋ ಆಕಳದೋ, ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಯಂತ್ರಕ್ಕೆ ಉಣಿಸಿ, ಚೀಟಿ ತೆಗೆಯುವುದು ನನ್ನ ಕೆಲಸ. ಯಂತ್ರವನ್ನು ಕೂಡಿಸಿದ ಕೊಲ್ಹಾಪುರದ ಎಂಜಿನಿಯರ್ ಹೋಗುವಾಗ ಝೆರಾಕ್ಸ್ ಮಾಡಿದ ಕೈಪಿಡಿಯೊಂದನ್ನು ಬಿಟ್ಟುಹೋಗಿದ್ದ. ಅದರಲ್ಲಿ ಆಕ್ ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆಯ ಪರಿಚಯವಿತ್ತು. ಸಾಲು ಸಾಲಾಗಿ ಬರುವ ವಿವರವನ್ನು ಓದಿ ಬೇಕಾದ್ದನ್ನು ಹೆಕ್ಕಿ ಕೊಡುವ ಭಾಷೆ ಅದು. ಕಲಿಸುವವರು ಯಾರೂ ಇರಲಿಲ್ಲವಾದ್ದರಿಂದ ತಪ್ಪು ಮಾಡುತ್ತ, ಬೈದುಕೊಳ್ಳುತ್ತ ಕಲಿತೆ. ಸುತ್ತಮುತ್ತ ಆ ಭಾಷೆ ಬರುವವಳು ನಾನೊಬ್ಬಳೇ ಎಂಬ ಜಂಬ ಮೊದಮೊದಲು ಇತ್ತು. ಆಮೇಲೆ ಗೊತ್ತಾಯಿತು, ಒಬ್ಬಳಿಗೇ ಬರುವ ಭಾಷೆಯಲ್ಲಿ ಮಾತಾಡಲು ಯಾರೂ ಇರುವುದಿಲ್ಲ. ಒಂದು ಸಾಲು ಚೆಂದಾಗಿ ಕೂತ ದಿನ ಅದನ್ನು ತೋರಿಸಲು ಪಕ್ಕದ ಕುರ್ಚಿಯಲ್ಲಿ ಜನ ಇರಲಿಲ್ಲ. ಮ್ಯಾನೇಜರಿಗೆ ಚೀಟಿ ಬಂದರೆ ಸಾಕಾಗಿತ್ತು.

ಆ ಭಾಷೆಯಲ್ಲಿ ನನಗೆ ತೀರ ಹಿಡಿಸಿದ್ದು ಒಂದೇ ಸಾಲಿನಲ್ಲಿ ಬರೆಯುವ ಶರತ್ತು. ಮೊದಲು ಶರತ್ತು ಬರೆಯಬೇಕು. ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ. ಆಮೇಲೆ, ಶರತ್ತು ನಿಜವಾದರೆ ಬೇಕಾದ ಉತ್ತರ. ಆಮೇಲೆ ಒಂದರ ಮೇಲೊಂದು ಎರಡು ಚುಕ್ಕಿ. ಆ ಎರಡು ಚುಕ್ಕಿಯ ಆಚೆಗೆ, ನಿಜವಾಗದಿದ್ದರೆ ಬೇಕಾದ ಉತ್ತರ. ನಮ್ಮ ಮಾತಿನಲ್ಲಿ ಬರೆದರೆ ಹೀಗೆ:

ಎಮ್ಮೆಯೇ ? ಎಮ್ಮೆ ಹಾಲು : ಆಕಳ ಹಾಲು

ಇದಕ್ಕೆ ಮೊದಲು ನಾನು 'ಹೀಗಾದರೆ ಇದನ್ನು ಮಾಡು' ಎಂದು ಉದ್ದುದ್ದ ಬರೆಯುತ್ತಿದ್ದೆ. ಅದರಲ್ಲೊಂದು ಸಲಿಗೆ ಇತ್ತು. 'ಆಗದಿದ್ದರೆ' ಎಂಬ ಭಾಗವನ್ನು ಬರೆಯದೆ ಬಿಟ್ಟರೂ ನಡೆಯುತ್ತಿತ್ತು. ಆಗದಿದ್ದರೆ ಯಂತ್ರ ಏನೂ ಮಾಡದೆ, ಏನೂ ಹೇಳದೆ, ಮುಂದಿನ ಸಾಲಿಗೆ ಹೋಗುತ್ತಿತ್ತು. ಈ ಮೂರು ಭಾಗದ ಶರತ್ತಿನಲ್ಲಿ ಆ ಸಲಿಗೆ ಇಲ್ಲ. ಎರಡು ಚುಕ್ಕಿಯ ಆಚೆ ಖಾಲಿ ಬಿಟ್ಟರೆ ಇಡೀ ಸಾಲನ್ನೇ ಒಪ್ಪುವುದಿಲ್ಲ, ತಪ್ಪು ಎಂದು ತೋರಿಸಿ ನಿಂತುಬಿಡುತ್ತದೆ. ಆಗದಿದ್ದರೆ ಏನು ಎಂಬುದನ್ನು ಬರೆದೇ ಮುಂದೆ ಹೋಗಬೇಕು. ಈ ಜಬರ್ದಸ್ತಿ ನನಗೇಕೋ ಇಷ್ಟವಾಯಿತು.

ಸರಿ, ದಿಗ್ಗೇವಾಡಿ ಕಡೆಯ ಆಕಳು ಹುಟ್ಟಿದ್ದು ಹೇಗೆಂದರೆ, ಆ ದಿನ ಹಳ್ಳಿಯಿಂದ ಬಂದ ವಿವರದಲ್ಲಿ ಎಮ್ಮೆಯೋ ಆಕಳೋ ಎಂಬ ಜಾಗ ಖಾಲಿಯಿತ್ತು. ಖಾಲಿ ಎಂದರೆ ಎಮ್ಮೆಯಲ್ಲ. ಎಮ್ಮೆಯಲ್ಲ ಎಂದರೆ ನನ್ನ ಸಾಲಿನ ಪ್ರಕಾರ ಆಕಳು. ಎರಡು ಚುಕ್ಕಿಯ ಆಚೆಗೆ ನಾನು ಬರೆದದ್ದು ಆಕಳೆಂದೇ ಆದರೂ ಯಂತ್ರ ಅಲ್ಲಿಗೆ ತಳ್ಳಿದ್ದು ಎಮ್ಮೆಯಲ್ಲದ್ದನ್ನೆಲ್ಲ. ಆಕಳು, ಖಾಲಿ ಜಾಗ, ತಪ್ಪು ಒತ್ತಿದ ಅಕ್ಷರ ಎಲ್ಲ ಒಂದೇ ಕೊಟ್ಟಿಗೆಗೆ ಹೋದವು. ರೈತರಿಗೆ ಅಷ್ಟೆಲ್ಲ ಬಿಡಿಸಿ ಹೇಳಲಾಗದೆ ಚೀಟಿ ತಿದ್ದಿ ಕೊಟ್ಟೆ.

"ಹಂಗಾರ ಆಕಳಾ ಹೋತ್ರಿ?" ಎಂದರು.

"ಹೋತ್ರಿ."

"ಕರಾ ಹಾಕೂಮಟಾ ಇದ್ದಿದ್ರ ಚಲೋ ಆಗತಿತ್ತ," ಎಂದು ನಗುತ್ತ ಎದ್ದರು. ಅವರು ಹೋದ ಮೇಲೂ ಒಬ್ಬಳೇ ಕೂತು ನಕ್ಕೆ. ಆ ತಿಂಗಳಲ್ಲಿ ನಾನು ನಕ್ಕದ್ದು ಅದೊಂದೇ ಇರಬೇಕು. ಅಂದಿನಿಂದ ಹಳ್ಳಿಯಿಂದ ವಿವರ ತರುವವರಿಗೆಲ್ಲ ಒಂದೇ ಮಾತು ಹೇಳತೊಡಗಿದೆ: ಜಾಗ ಖಾಲಿ ಬಿಡಬೇಡಿ, ಗೊತ್ತಿಲ್ಲದ್ದನ್ನು ಊಹಿಸಿ ತುಂಬಲೂಬೇಡಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿ.

ನಮ್ಮ ಮನೆ ಸದಲಗಾದಲ್ಲಿ. ಚಿಕ್ಕೋಡಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವ್ವ ಮತ್ತು ನಾನು.

ನಾನು ಅಲ್ಲಿ ಹೇಗೆ ಉಳಿದೆ ಎಂಬುದನ್ನೂ ಹೇಳಬೇಕು. ಮದುವೆಯಾಗಿ ನಿಪ್ಪಾಣಿಗೆ ಹೋದವಳು ಪಂಚಮಿ ಹಬ್ಬಕ್ಕೆಂದು ತವರಿಗೆ ಬಂದೆ. ಹಬ್ಬ ಮುಗಿದ ಮೇಲೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುವುದು ನಮ್ಮಲ್ಲಿಯ ರೀತಿ. ಯಾರೂ ಬರಲಿಲ್ಲ. ಜಗಳವಾಗಿರಲಿಲ್ಲ, ಹೊಡೆತ ಬಡಿತ ಇರಲಿಲ್ಲ. ನನ್ನ ಗಂಡ ತಂಬಾಕಿನ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ, ಕಡಿಮೆ ಮಾತಿನ ಮನುಷ್ಯ. ಆ ದೊಡ್ಡ ಮನೆಯಲ್ಲಿ ನಾನಿದ್ದದ್ದೇ ಯಾರಿಗೂ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ಇಲ್ಲದ್ದೂ ಗೊತ್ತಾಗಿರಲಿಕ್ಕಿಲ್ಲ. ಬಂದು ಕರೆದರೆ ಹೋಗುತ್ತೇನೆ ಎಂದು ಬಿಗಿದುಕೊಂಡು ಕೂತೆ. ಕರೆಯದಿದ್ದರೆ? ಅದನ್ನು ನಾನು ಯೋಚಿಸಲಿಲ್ಲ, ಅವ್ವ ಕೇಳಲಿಲ್ಲ. ದೀಪಾವಳಿ ಬಂತು, ಯುಗಾದಿ ಬಂತು, ಮತ್ತೊಂದು ಪಂಚಮಿಯೂ ಬಂತು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಗಂಡನ ಮನೆಯಿಂದ ಬಂದ ಹುಡುಗಿಯರೆಲ್ಲ ಜೀಕುತ್ತಿದ್ದರು. ತವರಿಗೆ ಬಂದವರ ಹಬ್ಬ ಅದು, ತವರಲ್ಲೇ ಇದ್ದವಳಿಗೆ ಅದರಲ್ಲಿ ಜಾಗ ಇರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ. ಆ ದಿನ ನನಗಾದಷ್ಟು ಒಂಟಿತನ ಅಪ್ಪ ಸತ್ತ ದಿನವೂ ಆಗಿರಲಿಲ್ಲ.

ಅದಾಗಿ ಕೆಲವು ವರ್ಷಗಳ ನಂತರ, ಕಬ್ಬಿನ ಹಂಗಾಮು ಮುಗಿಯುತ್ತ ಬಂದಾಗ, ದಿಗಂಬರ ಮುನಿಗಳೊಬ್ಬರು ಊರೂರು ನಡೆಯುತ್ತ ಸದಲಗಾಕ್ಕೆ ಬಂದು ಬಸ್ತಿಯಲ್ಲಿ, ಎಂದರೆ ಊರಿನ ಜಿನಾಲಯದಲ್ಲಿ, ತಂಗಿದರು. ನಾವು ಜೈನರು, ಮುನಿಗಳನ್ನು ಮಹಾರಾಜರು ಎನ್ನುತ್ತೇವೆ. ಅವರು ಉಣ್ಣುವುದು ದಿನಕ್ಕೆ ಒಂದೇ ಸಲ, ಹಗಲಿನಲ್ಲಿ, ನಿಂತುಕೊಂಡು, ತಮ್ಮ ಬೊಗಸೆಯಲ್ಲೇ. ಯಾರ ಮನೆಯಲ್ಲಿ ಎಂದು ಮೊದಲೇ ಹೇಳುವುದಿಲ್ಲ. ಬಸ್ತಿಯಿಂದ ಹೊರಡುವ ಮುಂಚೆ ಮನಸ್ಸಿನಲ್ಲಿ ಒಂದು ನೇಮ ಹಿಡಿಯುತ್ತಾರೆ. ಇಂಥದ್ದು ಕಂಡ ಬಾಗಿಲಲ್ಲಿ ಆಹಾರ, ಎಲ್ಲೂ ಕಾಣದಿದ್ದರೆ ಅಂದು ಉಪವಾಸ. ಅದು ಜೋಡಿಯಾಗಿ ನಿಂತ ಗಂಡಹೆಂಡತಿ ಇರಬಹುದು, ಕೈಯಲ್ಲಿ ಹಿಡಿದ ಹಣ್ಣೋ ತುಂಬಿದ ಕೊಡವೋ ಇರಬಹುದು. ಆ ನೇಮ ಏನೆಂದು ಯಾರಿಗೂ ಹೇಳುವುದಿಲ್ಲ. ಊರವರು ಮಡಿಯಲ್ಲಿ ಅಡಿಗೆ ಮಾಡಿಟ್ಟು, ತೊಳೆದ ಬಟ್ಟೆ ಉಟ್ಟು, ತಮ್ಮ ತಮ್ಮ ಬಾಗಿಲ ಮುಂದೆ ನಿಂತು, "ನಮೋಸ್ತು, ನಮೋಸ್ತು, ನಮೋಸ್ತು, ಅತ್ರ ತಿಷ್ಠ ತಿಷ್ಠ," ಎಂದು ಕರೆಯುತ್ತಾರೆ. ನೇಮ ಕೂಡಿಬಂದ ಕಡೆ ಅವರು ನಿಲ್ಲುತ್ತಾರೆ, ಉಳಿದ ಬಾಗಿಲುಗಳನ್ನು ಹಾದುಹೋಗುತ್ತಾರೆ.

ಚಿಕ್ಕಂದಿನಿಂದ ನೋಡಿದ್ದೇ ಇದು. ಆದರೆ ಆ ಸಲ ನೋಡುವಾಗ ನನಗೆ ನನ್ನ ಸಾಲು ನೆನಪಾಯಿತು. ಶರತ್ತು, ಪ್ರಶ್ನೆ, ಆಹಾರ, ಎರಡು ಚುಕ್ಕಿ, ಉಪವಾಸ. ಅವ್ವನಿಗೆ ಹೇಳಿದೆ. ಅವ್ವ ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

"ನಿಮ್ಮ ಮಶೀನಿಗೆ ಶರತ್ತು ಏನಂತ ಗೊತ್ತಿರ್ತೈತಿಲ್ಲ?" ಎಂದಳು.

"ಗೊತ್ತಿರ್ತೈತಿ. ನಾನ ಬರದಿರ್ತೀನಲ್ಲ."

"ನಮಗ ಗೊತ್ತಿಲ್ಲ ನೋಡ," ಎಂದು ಮತ್ತೆ ಅಕ್ಕಿಗೆ ಬಗ್ಗಿದಳು.

ಅವ್ವನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ. ಒಂದು ಸಲ, ಒಂದೇ ಸಲ, ನಮ್ಮ ಮನೆಯಲ್ಲಿ ಮಹಾರಾಜರ ಆಹಾರ ಆಗಬೇಕು. ಅಪ್ಪ ಇದ್ದಾಗಲೂ ಕೂಡಿಬಂದಿರಲಿಲ್ಲ. ಈಗ ಅವಳ ಮೊಣಕಾಲು ಹಿಡಿದುಕೊಂಡಿದ್ದವು. ಮುಂದಿನ ಸಲ ಮುನಿಗಳು ಊರಿಗೆ ಬರುವ ಹೊತ್ತಿಗೆ ತಾನು ಬಾಗಿಲಲ್ಲಿ ನಿಲ್ಲುವ ಹಾಗಿರುತ್ತೇನೋ ಇಲ್ಲವೋ ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ಕೋಳಿ ಕೂಗುವ ಮುಂಚೆ ಎದ್ದು, ಬಾವಿಯ ನೀರು ಸೋಸಿ, ಒದ್ದೆ ಮೈಯಲ್ಲಿ ಅಡಿಗೆಗೆ ನಿಲ್ಲುತ್ತಿದ್ದಳು. ಮ್ಯಾನೇಜರ್ ನಾನು ತಡವಾಗಿ ಬರಲು ಒಪ್ಪಿದ್ದರಿಂದ ನಾನೂ ಅಡಿಗೆಗೆ ಕೈ ಹಚ್ಚುತ್ತಿದ್ದೆ.

ಬಾಗಿಲ ಹೊರಗೆ ಮಾತ್ರ ಅವ್ವ ಒಬ್ಬಳೇ ನಿಲ್ಲುತ್ತಿದ್ದಳು.

"ನೀ ವಳಗ ಅಡಗಿ ಕಾಯ್ಕೋಂತ ನಿಂದ್ರ. ಬೆಕ್ಕ ಬರ್ತೈತಿ," ಎಂದಳು ಮೊದಲ ದಿನ. ನಮ್ಮ ಓಣಿಯಲ್ಲಿ ಬೆಕ್ಕು ಇರಲಿಲ್ಲ. ನಾನು ಬಾಗಿಲ ಹಿಂದೆ, ಅಡಿಗೆಮನೆಯೂ ಅಲ್ಲದ ಅಂಗಳವೂ ಅಲ್ಲದ ಜಾಗದಲ್ಲಿ ನಿಂತು, ಅವ್ವನ ಬೆನ್ನು ನೋಡುತ್ತಿದ್ದೆ. ನಾನು ಮದುವೆಯಾಗದವಳಲ್ಲ, ಗಂಡ ಸತ್ತವಳಲ್ಲ, ಗಂಡನ ಜೊತೆಗಿರುವವಳೂ ಅಲ್ಲ. ನನ್ನನ್ನು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿದಿರಲಿಲ್ಲ. ನಮ್ಮ ಧರ್ಮದಲ್ಲಿ ಹಾಗೆ ನಿಲ್ಲಬಾರದೆಂದು ಎಲ್ಲೂ ಇಲ್ಲ. ಅದು ಅವ್ವನಿಗೂ ಗೊತ್ತಿತ್ತು. ಓಣಿಯ ಕಣ್ಣಿಗೆ ಹೆದರುತ್ತಿದ್ದಳು ಅಷ್ಟೆ. ನನಗೆ ಬೇಜಾರಾಗುತ್ತಿತ್ತು, ಬಹಳ ಬೇಜಾರಾಗುತ್ತಿತ್ತು. ಆದರೂ ಒಳಗಿನಿಂದಲೇ ಅವಳ ದನಿಗೆ ದನಿ ಸೇರಿಸಿ ನಮೋಸ್ತು ಎನ್ನುತ್ತಿದ್ದೆ.

ಮೊದಲ ದಿನ ಮಹಾರಾಜರು ತೆಂಗಿನಕಾಯಿ ಹಿಡಿದು ನಿಂತವರ ಮನೆಯಲ್ಲಿ ನಿಂತರು. ಮರುದಿನ ಇಡೀ ಓಣಿ ತೆಂಗಿನಕಾಯಿ ಹಿಡಿಯಿತು. ಅಂಗಡಿಯಲ್ಲಿ ಒಂದೂ ಉಳಿಯಲಿಲ್ಲ. ಅಂದು ಅವರು ನಿಂತದ್ದು ಬಾಳೆಹಣ್ಣು ಹಿಡಿದವರ ಮುಂದೆ. ಅದರ ಮರುದಿನ ಎಲ್ಲರ ಕೈಯಲ್ಲಿ ಬಾಳೆಹಣ್ಣು. ಮಹಾರಾಜರು ಎಲ್ಲೂ ನಿಲ್ಲದೆ ಬಸ್ತಿಗೆ ಹೊರಳಿದರು. ಬಾಗಿಲ ಸಂದಿನಿಂದ ನಾನು ಅವರ ಮುಖ ನೋಡಿದೆ. ಉಂಡ ದಿನ ಹೇಗಿತ್ತೋ ಉಪವಾಸದ ದಿನವೂ ಹಾಗೆಯೇ ಇತ್ತು. ಆ ಮುಖ ನನಗೆ ಆಫೀಸಿನಲ್ಲೂ ಮರೆತುಹೋಗಲಿಲ್ಲ. ಎರಡು ಚುಕ್ಕಿಯ ಈಚೆಗೂ ಆಚೆಗೂ ಒಂದೇ ಮುಖ ಇಟ್ಟುಕೊಳ್ಳಲು ಒಬ್ಬ ಮನುಷ್ಯನಿಗೆ ಹೇಗೆ ಸಾಧ್ಯ ಎಂದು ಹೊಟ್ಟೆಕಿಚ್ಚಾಯಿತು.

ನಿನ್ನೆಯ ಉತ್ತರ ನೋಡಿ ಇಂದಿನ ಶರತ್ತನ್ನು ಊಹಿಸುವ ಈ ಆಟವನ್ನು ನಾನು ಮನಸ್ಸಿನಲ್ಲೇ ಹಾಸ್ಯ ಮಾಡುತ್ತಿದ್ದೆ. ನೇಮ ದಿನವೂ ಬೇರೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಆದರೂ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅವ್ವನೂ ಮಾಡಿದಳು. ಒಂದು ದಿನ ತೆಂಗಿನಕಾಯಿ, ಒಂದು ದಿನ ಬಾಳೆಹಣ್ಣು, ಒಂದು ದಿನ ಎರಡನ್ನೂ ಹಿಡಿದಳು. ಆಮೇಲೆ ಮಹಾರಾಜರು ಎರಡು ದಿನ ಜೋಡಿಯಾಗಿ ನಿಂತ ಗಂಡಹೆಂಡತಿಯರ ಮುಂದೆ ನಿಂತರು. ಎದುರುಮನೆಯ ಕಾಕು, ಅವ್ವನನ್ನು ವೈನಿ ಅಂದರೆ ಅತ್ತಿಗೆ ಎನ್ನುವವಳು, ನಮ್ಮ ಕಟ್ಟೆಗೆ ಬಂದು ಕೂತು ತೀರ್ಪು ಕೊಟ್ಟಳು.

"ಜೋಡಿ ಇಲ್ದ ಮನೀ ಮುಂದ ಹೆಂಗ ನಿಂದರ್ತಾರ ವೈನಿ?"

ಎಮ್ಮೆಯಲ್ಲದ್ದೆಲ್ಲ ಆಕಳು. ನನಗೆ ದಿಗ್ಗೇವಾಡಿ ಕಡೆಯ ಚೀಟಿ ನೆನಪಾಯಿತು, ಆದರೆ ಈ ಸಲ ನಗು ಬರಲಿಲ್ಲ. ಜೋಡಿಯಲ್ಲದವರಲ್ಲಿ ಅವ್ವನಂಥ ವಿಧವೆ, ನನ್ನಂಥವಳು, ಖಾಲಿ ಜಾಗ, ಎಲ್ಲ ಒಂದೇ ಕೊಟ್ಟಿಗೆ.

ಆ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದಾಗ ಅವ್ವ ಚಹಾ ಕೊಟ್ಟು, ಎದುರಿಗೆ ಕೂತು, ಸೆರಗು ಸರಿಮಾಡಿಕೊಂಡಳು.

"ಅವ್ರನ್ನ ಒಂದಿನಾ ಕರೀತಿಯೇನ?"

"ಯಾರನ್ನ?"

"ಯಾರನ್ನ ಅಂದ್ರ? ನಿನ್ನ ಗಂಡನ್ನ."

ಚಹಾ ಬಾಯಿ ಸುಟ್ಟಿತು. "ಪಂಚಮಿಗೆ ಬಂದಾಕಿನ್ನ ಕರಿಯಾಕ ಬರ್ಲಿಲ್ಲ ಅಂವಾ. ಈಗ ನಾ ಅಂವನ್ನ ಕರೀಬೇಕನ?"

"ಬಾಳೇವ ಮಾಡಾಕ ಕರಿ ಅನ್ನಾಕತ್ತಿಲ್ಲ ಬೇ," ಎಂದಳು ಅವ್ವ. "ನಿಂದರಾಕ ಕರಿ."

ಅವ್ವ ಅಳಲಿಲ್ಲ, ಒತ್ತಾಯ ಮಾಡಲಿಲ್ಲ, ಮೊಣಕಾಲು ಒತ್ತಿಕೊಳ್ಳುತ್ತ ಕೂತಿದ್ದಳು. ಅತ್ತಿದ್ದರೆ ನಾನು ಇಲ್ಲ ಎನ್ನುತ್ತಿದ್ದೆ. ಎದ್ದು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಹೋಗಿ ಗೋದಾಮಿಗೆ ಫೋನು ಹಚ್ಚಿದೆ. ಅವನು ಫೋನಿಗೆ ಬಂದ. ವಿಷಯ ಹೇಳಿದೆ.

"ಎಷ್ಟಕ್ಕ ಬರೂದು?" ಎಂದ. ಹಮಾಲರಿಗೆ ಲಾರಿ ಬರುವ ಹೊತ್ತು ಕೇಳುವ ಹಾಗೆ ಕೇಳಿದ.

"ನಾಳೆ ಎಂಟಕ್ಕ ಇಲ್ಲಿರ್ರಿ."

"ಬರಂ," ಎಂದು ಮರಾಠಿಯಲ್ಲಿ ಒಪ್ಪಿ ಫೋನು ಇಟ್ಟ.

ಹೇಳಿದ ಹಾಗೆಯೇ ಬಂದ. ಅದು ಅವನ ಗುಣ, ಹೇಳಿದ್ದನ್ನು ಮಾಡುತ್ತಿದ್ದ, ಹೇಳದ್ದನ್ನು ಮಾಡುತ್ತಿರಲಿಲ್ಲ. ಕೂದಲು ತೆಳ್ಳಗಾಗಿತ್ತು. ಬಾವಿಕಟ್ಟೆಯಲ್ಲಿ ಸ್ನಾನ ಮಾಡಿದ. ಅವ್ವ ಅಪ್ಪನ ಧೋತರವನ್ನು ಒಗೆದು ಒಣಗಿಸಿಟ್ಟಿದ್ದಳು, ಅದನ್ನು ಉಟ್ಟ. ಈಗ ಬೆಕ್ಕಿನ ಮಾತು ಬರಲಿಲ್ಲ. ಅವ್ವನೇ ನನ್ನ ಕೈ ಹಿಡಿದು ಹೊರಗೆ ಕರೆತಂದು ಅವನ ಪಕ್ಕದಲ್ಲಿ ನಿಲ್ಲಿಸಿದಳು. ತಾನು ಒಂದು ಹೆಜ್ಜೆ ಹಿಂದೆ ನಿಂತಳು. ಅವನ ಕೈಯಲ್ಲಿ ತೆಂಗಿನಕಾಯಿ, ನನ್ನ ಕೈಯಲ್ಲಿ ತುಂಬಿದ ತಂಬಿಗೆ. ಎದುರುಮನೆಯ ಕಾಕು ನಮ್ಮನ್ನು ನೋಡಿ ತಲೆಯಾಡಿಸಿದಳು. ಬಿಸಿಲು ಹಿತವಾಗಿತ್ತು. ಅವನ ಮೈಯಿಂದ ಒಗೆದ ಬಟ್ಟೆಯ, ಸಾಬೂನಿನ, ತೊಳೆದರೂ ಹೋಗದ ತಂಬಾಕಿನ ವಾಸನೆ ಬರುತ್ತಿತ್ತು. ನನಗೆ ಚೆನ್ನಾಗಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಅಷ್ಟು ಹೊತ್ತು ನನಗೆ ನಿಜಕ್ಕೂ ಚೆನ್ನಾಗಿತ್ತು.

ಮಹಾರಾಜರು ಓಣಿಗೆ ತಿರುಗಿದರು. ಬಲಗೈ ಬೆರಳು ಜೋಡಿಸಿ ಹೆಗಲ ಮೇಲಿಟ್ಟುಕೊಂಡು, ಎಡಗೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲ ಹಿಡಿದು, ನೆಲ ನೋಡುತ್ತ ಬಂದರು. ಒಂದೊಂದೇ ಬಾಗಿಲು ಕೂಗಿತು. ನಾವೂ ಕೂಗಿದೆವು. ಅವನ ದನಿ ಗಟ್ಟಿಯಾಗಿತ್ತು, ಅವ್ವನದು ನಡುಗುತ್ತಿತ್ತು. ಮಹಾರಾಜರು ನಮ್ಮ ಮುಂದೆ ಬಂದು ತಲೆ ಎತ್ತಿದರು. ಕಣ್ಣು ನಮ್ಮ ಮೂವರ ಮೇಲೆ ಹಾದುಹೋಯಿತು. ಅವರು ಮುಂದೆ ನಡೆದರು.

ಓಣಿಯ ತುದಿಯ ಮನೆಯ ಗಂಡಸರು ಬೆಲ್ಲ ತೆಗೆದುಕೊಂಡು ಕೊಲ್ಹಾಪುರದ ಪೇಟೆಗೆ ಹೋಗಿದ್ದರು. ಬಾಗಿಲಲ್ಲಿ ಅತ್ತೆ ಸೊಸೆ ಇಬ್ಬರೇ ನಿಂತಿದ್ದರು, ತೆಂಗಿನಕಾಯಿ ಸಿಕ್ಕದೆ ಬರೀ ಒಂದು ಹಿತ್ತಾಳೆಯ ತಂಬಿಗೆ ಹಿಡಿದುಕೊಂಡು. ಮಹಾರಾಜರು ಅವರ ಮುಂದೆ ನಿಂತರು. ಆ ಇಬ್ಬರೂ ಸುತ್ತು ಬಂದು, ನಮಸ್ಕರಿಸಿ, ಅವರನ್ನು ಒಳಗೆ ಕರೆದುಕೊಂಡು ಹೋದದ್ದನ್ನು ನಮ್ಮ ಬಾಗಿಲಿನಿಂದ ನೋಡಿದೆವು.

ನೇಮ ಬರೀ ತಂಬಿಗೆಯದೋ, ಇಬ್ಬರು ಹೆಂಗಸರದೋ, ಬಾಗಿಲ ಮುಂದಿನ ರಂಗೋಲಿಯದೋ, ಯಾರಿಗೆ ಗೊತ್ತು. ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆದರೆ ಅವ್ವ ಆ ಬಾಗಿಲನ್ನು ನೋಡುತ್ತಲೇ ಇದ್ದಳು, ಆಮೇಲೆ ನನ್ನನ್ನು ನೋಡಿ ಒಳಗೆ ಹೋದಳು.

ಮಹಾರಾಜರಿಗೆಂದು ಮಾಡಿದ ಅಡಿಗೆಯನ್ನು ಅವನಿಗೆ ಬಡಿಸಿದೆವು. "ಅಡಗಿ ಚಲೋ ಆಗೇತಿ," ಎಂದ. ಉಂಡು, ಧೋತರ ಬಿಚ್ಚಿ ಹಗ್ಗಕ್ಕೆ ಹಾಕಿ, ಪ್ಯಾಂಟು ಹಾಕಿಕೊಂಡ. ಹನ್ನೊಂದರ ಬಸ್ಸಿಗೆ ಹೋಗಬೇಕಿತ್ತು. ನಾನು ಕಟ್ಟೆಯ ತನಕ ಹೋದೆ. ನಡಿ ಎಂದರೆ ಹೋಗುತ್ತೇನೆ ಎಂದು ಮನಸ್ಸು ಅಂದುಕೊಂಡುಬಿಟ್ಟಿತ್ತು. ಅನ್ನದಿದ್ದರೆ ಏನು ಎಂಬುದನ್ನು ಈ ಸಲವೂ ಖಾಲಿ ಬಿಟ್ಟಿದ್ದೆ. ಅವನು ಚಪ್ಪಲಿ ಹಾಕಿಕೊಂಡು, "ನಿಮ್ಮ ಅವ್ವನ ಮಣಕಾಲ ಡಾಕ್ಟರಿಗೆ ತೋರಸ," ಎಂದ. ಹೋದ.

ಮಧ್ಯಾಹ್ನದ ಬಸ್ಸಿಗೆ ನಾನು ಚಿಕ್ಕೋಡಿಗೆ ಹೋದೆ. ಹಳ್ಳಿಯೊಂದರಿಂದ ವಿವರ ತಂದವನಿಗೆ, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸ್ರಿ ಅಂತ ಎಷ್ಟು ಸಲ ಹೇಳೂದು ಎಂದು ರೇಗಿದೆ. ಅವನು ಹೆದರಿ ನೋಡಿದ. ಅವನದೇನೂ ತಪ್ಪಿರಲಿಲ್ಲ. ಮೋರಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತೆ.

ಮರುದಿನ ಬೆಳಕು ಹರಿಯುವಾಗಲೇ ಮಹಾರಾಜರು ರಾಯಬಾಗದ ಕಡೆಗೆ ನಡೆದುಹೋದರೆಂದು ಹಾಲು ಹಾಕಲು ಹೋದವರು ಹೇಳಿದರು. ನಾನು ಬಸ್ಸಿಗೆ ಹೊರಡುವ ತಯಾರಿಯಲ್ಲಿದ್ದೆ. ಹಿತ್ತಲಿನಿಂದ ಅವ್ವ ಬಂದಳು. ತಲೆಗೆ ನೀರು ಹಾಕಿಕೊಂಡಿದ್ದಳು, ತೊಳೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಸೋಸಿದ ನೀರಿನ ತಂಬಿಗೆ. ತೆಂಗಿನಕಾಯಿ ಇರಲಿಲ್ಲ, ಬಾಳೆಹಣ್ಣು ಇರಲಿಲ್ಲ.

"ಬಾ, ನಿಂದರೂಣು," ಎಂದಳು.

"ಮಹಾರಾಜರ ಹೋಗ್ಯಾರಲ್ಲ ಬೇ."

"ಗೊತ್ತೈತಿ. ಇಷ್ಟ ದಿನದಾಗ ನಾವ ಇದ್ದಂಗ ಒಂದಿನಾನೂ ನಿಂದರಲಿಲ್ಲ. ಬಾ."

ಚೀಲ ಕೆಳಗಿಟ್ಟು ಅವಳ ಹಿಂದೆ ಬಾಗಿಲಿಗೆ ಬಂದೆ. ಓಣಿಯಲ್ಲಿ ಕ್ಯಾನು ಕಟ್ಟಿದ ಸೈಕಲ್ಲೊಂದು ಹೋಯಿತು. ಹಗ್ಗದ ಮೇಲೆ ಅಪ್ಪನ ಧೋತರ ಇನ್ನೂ ಇತ್ತು. ನಾನು ಅಭ್ಯಾಸಬಲದಿಂದ ಬಾಗಿಲ ಹಿಂದಕ್ಕೇ ಸರಿದಿದ್ದೆ. ಎದುರುಮನೆಯ ಕಾಕು ಕಸಬರಿಗೆ ಹಿಡಿದು ಹೊರಗೆ ಬಂದವಳು ನಮ್ಮನ್ನು ಕಂಡು ಅಲ್ಲೇ ನಿಂತಳು.

"ಯಾರ ಬರೂದೈತಿ ವೈನಿ?"

"ಯಾರೂ ಬರೂದಿಲ್ಲ," ಎಂದಳು ಅವ್ವ. ಹಾಗೆಂದು ನನ್ನ ತೋಳು ಹಿಡಿದು, ನಿನ್ನೆ ಅವನು ನಿಂತಿದ್ದ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡಳು.